ಆ ಕೋಚ್ ಯಾಕೆ ಬರಲಿಲ್ಲ?

ತಮ್ಮ ತೀರಿಕೊಂಡ ವಾರ, ಮಾತನಾಡಿಸಲು ಬಂದ ಮಂದಿಯೆಲ್ಲ ಎದ್ದುಹೋದ ಮೇಲೆ ಅವ್ವ ನನ್ನನ್ನು ಕೇಳಿದಳು: “ಎಲ್ಲಾರೂ ಬಂದ್ರು. ಆ ಕೋಚ್ ಯಾಕ ಬರ್ಲಿಲ್ಲೋ?”

ನಾನು ದಂಗಾದೆ. ಆ ಕೋಚ್ ಟಿವಿಯಲ್ಲಿ ಕಾಣುವ ಫುಟ್‌ಬಾಲ್ ತಂಡದವನು. ತಂಡ ಸೋತಾಗಲೆಲ್ಲ ತಮ್ಮ, “ಲೇ ಕೋಚಾ, ಹಿಂಗ್ಯಾಕ ಆಡಸ್ತೀಲೇ?” ಎಂದು ಯರಗುಪ್ಪಿಯ ನಮ್ಮ ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಅದು ಫೋನಿನ ಮಾತೆಂದು ತಿಳಿದಿದ್ದಳು. ಅಷ್ಟು ಸಲಿಗೆಯಿಂದ ಬೈಯಬೇಕಾದರೆ ಖಾಸಾ ಗೆಳೆಯನೇ ಇರಬೇಕೆಂದು ಅವಳ ಲೆಕ್ಕ. ತಿಳಿಸಿ ಹೇಳಿದೆ.

ಮೊನ್ನೆ ತಂಡ ಮತ್ತೆ ಸೋತಿತು. ಕೋಚ್ ಎಂದಿನಂತೆ ಕೈಕಟ್ಟಿ ನಿಂತಿದ್ದ. ಮೈಯೆಲ್ಲ ಉರಿದರೂ ತಮ್ಮನಂತೆ ಒದರಲು ನನಗೆ ಬಾಯಿ ಬರಲಿಲ್ಲ. ಅವ್ವ ಒಲೆ ಬಿಟ್ಟು ಎದ್ದುಬಂದು ನನ್ನ ಬಾಜು ಕುಳಿತಳು.

“ನೀನರ ಅವಗ ಒಂದೀಟ ಬೈಯೋ.”