ಕೋಡಿಯ ಕಡಲಿನಲ್ಲಿ ಒಂದು ಬಿಳಿ ಚುಕ್ಕೆ

2009ರ ಬೇಸಿಗೆ ರಜೆಯಲ್ಲಿ ನಾನು ಕಪ್ಪು ಬಿಳುಪು ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದೆ. ಆಗ ನನಗೆ ನಲವತ್ತೊಂದು ವರ್ಷ. ಮನೆ ಕುಂದಾಪುರದಲ್ಲಿ, ಕೆಲಸ ಬ್ರಹ್ಮಾವರದ ಹತ್ತಿರದ ಹೈಸ್ಕೂಲಿನಲ್ಲಿ, ವಿಜ್ಞಾನದ ಟೀಚರ್. ಮುಂಬೈಯಲ್ಲಿದ್ದ ಅಣ್ಣ ಊರಿಗೆ ಬಂದಾಗ ತನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಕೊಟ್ಟುಹೋಗಿದ್ದ.

ನನಗೆ ಕಲಿಸಿದವರು ನಮ್ಮ ಬೀದಿಯ ತುದಿಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿ, ರೀಲಿನ ಕಾಲ ಮುಗಿದ ಮೇಲೆ ಬಾಗಿಲು ಹಾಕಿದ್ದ ಒಬ್ಬರು ಹಿರಿಯರು. ಎಲ್ಲರೂ ಅವರನ್ನು ಸ್ಟುಡಿಯೋದವರು ಎಂದೇ ಕರೆಯುತ್ತಿದ್ದರು. ಒಳ್ಳೆಯ ಕಂಪ್ಯೂಟರ್ ಇದ್ದದ್ದು ಅವರಲ್ಲಿ. ನಾನು ನಾಲ್ಕೈದು ದಿನಕ್ಕೊಮ್ಮೆ ಹೋಗಿ, ತೆಗೆದದ್ದನ್ನೆಲ್ಲ ಅದಕ್ಕೆ ಹಾಕಿ ತೋರಿಸುತ್ತಿದ್ದೆ. ಕ್ಯಾಮೆರಾ ಬಣ್ಣದಲ್ಲೇ ತೆಗೆಯಲಿ, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಕಳೆಯೋಣ ಎನ್ನುವುದು ಅವರ ಕ್ರಮ. ಕೆಂಪನ್ನು ಹೆಚ್ಚಿಸಿದರೆ ನೀಲಿ, ಹಸಿರು ಎಲ್ಲ ಕಪ್ಪಾಗುತ್ತವೆ, ಮನುಷ್ಯರ ಮೈ ಬೆಳ್ಳಗಾಗುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ. ಹೊರಗೆ ಹೋದಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು.

"ಬಣ್ಣ ಮರ್ತ್ ಬಿಡಿ ಟೀಚ್ರೇ. ಬೆಳ್ಕ್ ಎಲ್ಲಿತ್ತ್, ಅದನ್ನ್ ಕಾಣಿ."

ಮಳೆಗಾಲ ಇನ್ನೇನು ಹಿಡಿಯುವುದರಲ್ಲಿತ್ತು. ಒಂದು ಸಂಜೆ ಮೋಡ ಕಾಣಬೇಕೆಂದು ಒಬ್ಬಳೇ ಕೋಡಿಯ ಕಡಲ ಕರೆಗೆ ಹೋದೆ. ದಂಡೆಯಲ್ಲಿ ಯಾರೂ ಇರಲಿಲ್ಲ. ಕಡಲು ಬೂದಿ ಮಿಶ್ರಿತ ಹಸಿರಾಗಿತ್ತು, ಗಾಳಿ ಜೋರಾಗಿತ್ತು, ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮೋಡದ ಸಂದಿನಿಂದ ಬೆಳಕು ನೀರಿಗೆ ಬೀಳಲಿ ಎಂದು ಕಾದು ಕಾದು, ನಿಂತಲ್ಲೇ ನಿಂತು ನಾಲ್ಕು ಫೋಟೋ ತೆಗೆದೆ. ಒಂದಕ್ಕೂ ಇನ್ನೊಂದಕ್ಕೂ ಮೂರು ನಾಲ್ಕು ನಿಮಿಷದ ಅಂತರ. ಆಮೇಲೆ ಹನಿ ಶುರುವಾಯಿತು. ಕ್ಯಾಮೆರಾವನ್ನು ಸೆರಗಿನೊಳಗೆ ಹಿಡಿದು ಮನೆಗೆ ಓಡಿದೆ. ಒಳ್ಳೆಯ ಚಿತ್ರ ಸಿಕ್ಕಿತೆಂದು ತುಂಬ ಖುಷಿಯಾಗಿದ್ದೆ.

ಅದೇ ಸಂಜೆ, ಬಲೆ ಎಳೆದು ತರುತ್ತೇನೆಂದು ಪಾತಿ ದೋಣಿಯಲ್ಲಿ ಒಬ್ಬನೇ ಹೋಗಿದ್ದವನೊಬ್ಬ ಹಿಂದೆ ಬರಲಿಲ್ಲ. ಕತ್ತಲಾಗುವಾಗ ಬರೀ ದೋಣಿ ಕವುಚಿಕೊಂಡು ದಡಕ್ಕೆ ಬಂತು. ಮೂರನೆಯ ದಿನ ಹೆಣ ಕೋಟ ಪಡುಕರೆಯ ಹತ್ತಿರ ಸಿಕ್ಕಿತು. ಅವನು ನಮ್ಮ ಬೀದಿಗೆ ಬುಟ್ಟಿ ಹೊತ್ತು ಮೀನು ತರುತ್ತಿದ್ದ ಹೆಂಗಸಿನ ಗಂಡ. ಹನ್ನೆರಡು ವರ್ಷದಿಂದ ಅವಳು ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿದು ಹೋಗುವವಳು. ಹೆಣ ತಂದಾಗ ಹೋಗಿ ನೋಡಿ ಬಂದೆ. ಆಗಲೂ ನನಗೆ ನನ್ನ ಫೋಟೋಗಳ ನೆನಪಾಗಲಿಲ್ಲ.

ಮರುದಿನ ಸ್ಟುಡಿಯೋದವರ ಮನೆಯಲ್ಲಿ ಆ ನಾಲ್ಕನ್ನೂ ತೆರೆದೆವು. ಬಣ್ಣದಲ್ಲಿ ಬರೀ ಕಡಲು, ಮೋಡ. ಬಣ್ಣ ಕಳೆದು ಕೆಂಪನ್ನು ಹೆಚ್ಚಿಸಿದ ಕೂಡಲೇ ನೀರು ಇದ್ದಿಲಿನ ಹಾಗೆ ಕಪ್ಪಾಯಿತು. ಆ ಕಪ್ಪಿನ ಮೇಲೆ, ಬಲಬದಿಯಲ್ಲಿ, ಒಂದು ಬಿಳಿ ಚುಕ್ಕೆ ಉಳಿಯಿತು.

ಲೆನ್ಸಿಗೆ ಧೂಳು ಕೂತಿರಬೇಕು, ಅಳಿಸಿದರಾಯಿತು ಎಂದರು ಅವರು. ಎರಡನೆಯದನ್ನು ತೆರೆದರು. ಚುಕ್ಕೆ ಅಲ್ಲೂ ಇತ್ತು, ಆದರೆ ಅದೇ ಜಾಗದಲ್ಲಿ ಅಲ್ಲ. ಸ್ವಲ್ಪ ಕೆಳಗೆ, ಸ್ವಲ್ಪ ದೊಡ್ಡದಾಗಿ. ಮೂರನೆಯದರಲ್ಲಿ ಇನ್ನೂ ಕೆಳಗೆ. ಅದರ ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಸಣ್ಣ ಬಿಳಿ ಗೆರೆ, ಎತ್ತಿದ ಕೈಯ ಹಾಗೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಧೂಳ್ ನಡಿತಿಲ್ಲೆ ಟೀಚ್ರೇ," ಎಂದರು.

ನಾಲ್ಕನೆಯದನ್ನು ತುಂಬ ಹೊತ್ತು ಹುಡುಕಿದೆವು. ಅದರಲ್ಲಿ ನೀರು ಮಾತ್ರ ಇತ್ತು.

ಫೋಟೋ ತೆಗೆದ ಗಂಟೆ ನಿಮಿಷ ಎಲ್ಲ ಅದರಲ್ಲೇ ದಾಖಲಾಗಿತ್ತು. ಮೊದಲನೆಯದಕ್ಕೂ ಮೂರನೆಯದಕ್ಕೂ ಏಳು ನಿಮಿಷ. ಆ ಏಳು ನಿಮಿಷವೂ ನಾನು ಮೋಡ ಸರಿಯಲೆಂದು ಕಾಯುತ್ತ, ಆ ಚುಕ್ಕೆಯ ಕಡೆಗೇ ಮುಖ ಮಾಡಿ ನಿಂತಿದ್ದೆ. ಯಾರಿಗೂ ಹೇಳಬೇಡಿ, ಇನ್ನು ಹೇಳಿ ಯಾರಿಗೆ ಏನು ಪ್ರಯೋಜನ ಎಂದು ಸ್ಟುಡಿಯೋದವರು ಹೇಳಿದರು. ನಾನೂ ಒಪ್ಪಿದೆ. ಆದರೆ ಆಮೇಲೆ ಎಲ್ಲಿ ನೋಡಿದರೂ ಚುಕ್ಕೆ ಕಾಣತೊಡಗಿತು. ಶಾಲೆ ಶುರುವಾಗಿ ಬಸ್ಸಿನಲ್ಲಿ ಹೋಗುವಾಗ, ನೀರು ನಿಂತ ಗದ್ದೆಗಳಲ್ಲಿ ಬೆಳ್ಳಕ್ಕಿ ಕಂಡರೆ, ಅದು ಅಲುಗುವವರೆಗೂ ಕಣ್ಣು ತೆಗೆಯಲಾಗುತ್ತಿರಲಿಲ್ಲ.

ಎರಡು ತಿಂಗಳ ಬಳಿಕ ಆ ಮೀನಿನ ಹೆಂಗಸು ಒಣಮೀನಿನ ಬುಟ್ಟಿ ಹೊತ್ತು ಬಂದಳು. ಜಗಲಿಯಲ್ಲಿ ಕೂತವಳು ಎದ್ದು ಹೋಗಲಿಲ್ಲ. ಊರಿನವರು ಆಡಿಕೊಳ್ಳುತ್ತಿದ್ದಾರೆ ಎಂದಳು. ಆ ದಿನ ಬೆಳಿಗ್ಗೆ ಗಂಡ ಹೆಂಡತಿ ಜಗಳ ಮಾಡಿದ್ದು ಅಕ್ಕಪಕ್ಕದವರಿಗೆ ಕೇಳಿತ್ತಂತೆ. ಅವನು ಬಲೆಗೆಂದು ಹೋದದ್ದಲ್ಲ, ಸಾಯಲೆಂದೇ ಹೋದದ್ದು, ಹೋಗುವ ಹಾಗೆ ಮಾಡಿದವಳು ಇವಳು ಎಂದು ಅತ್ತೆಯೂ ಹೇಳತೊಡಗಿದ್ದಳಂತೆ. ಇದನ್ನೆಲ್ಲ ಅವಳು ಅಳದೆ ಹೇಳಿದಳು. ನನಗೆ ಇನ್ನು ಸುಮ್ಮನಿರಲು ಆಗಲಿಲ್ಲ. ಸ್ಟುಡಿಯೋದವರ ಮನೆಗೆ ಕರೆದುಕೊಂಡು ಹೋದೆ.

ಮೂರನ್ನೂ ಒಂದೊಂದಾಗಿ ತೋರಿಸಿದೆವು. ಇದು ಅವನೇ ಎಂದು ಖಂಡಿತವಾಗಿ ಹೇಳಲು ಆಗುವುದಿಲ್ಲ ಎಂದು ನಾವಿಬ್ಬರೂ ಹೇಳಿದೆವು. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಚುಕ್ಕೆಯ ಮೇಲೆ ಬೆರಳಿಟ್ಟು ಕೇಳಿದಳು.

"ಇದ್ ಬಪ್ಪುದಾ ಟೀಚ್ರೇ, ಹೋಪುದಾ?"

"ಬಪ್ಪುದ್," ಎಂದೆ. ದಡದ ಕಡೆಗೇ ಬರುತ್ತಿದ್ದದ್ದು ಅದು; ಅದರಲ್ಲಿ ಸಂಶಯವಿರಲಿಲ್ಲ.

ಅವಳು ಉಸಿರು ಬಿಟ್ಟಳು. ಆಮೇಲೆ ಬೈಯುವ ಧ್ವನಿಯೇ ಇಲ್ಲದೆ ಹೇಳಿದಳು: "ಹಾಂಗಾರೆ ನೀವ್ ಅವ್ರಿಗ್ ಕಂಡಿದ್ರಿ. ನಿಮ್ಮನ್ನ್ ಕಂಡ್ಕಂಡೇ ಬಂದ್ರ್."

ನಾಲ್ಕನೆಯದೂ ಇದೆ ಎಂದು ನಾನು ಹೇಳಲಿಲ್ಲ. ಸ್ಟುಡಿಯೋದವರು ಮೂರನೆಯದರ ಪ್ರಿಂಟ್ ತೆಗೆದು ಕೊಟ್ಟರು. ಅವಳು ಅದನ್ನು ಅತ್ತೆಗೆ ತೋರಿಸಿದಳು, ಆಡಿಕೊಂಡವರಿಗೆಲ್ಲ ತೋರಿಸಿದಳು. ಮಾತು ನಿಂತಿತು. ಅತ್ತೆ ದಿನಾ ಆ ಫೋಟೋದ ಮುಂದೆ ಕೂರುತ್ತಾಳೆ, ಚುಕ್ಕೆ ದಿನಕ್ಕಿಷ್ಟು ಹತ್ತಿರ ಬರುತ್ತಿದೆ ಎನ್ನುತ್ತಾಳೆ ಎಂದು ಒಮ್ಮೆ ಮೀನು ತೂಗುತ್ತ ಹೇಳಿದಳು. ಮುದುಕಿಯ ಕಣ್ಣು ಮಂಜಾಗಿರಬೇಕು ಎಂದೆ. ಚುಕ್ಕೆ ಹತ್ತಿರ ಬಂದ ಹಾಗೆ ತನಗೂ ಕಾಣುತ್ತದೆ ಎಂದಳು.

ಮರುವರ್ಷ ಮಳೆ ಬಿಟ್ಟ ಮೇಲೆ, ಮಗಳ ಜೊತೆ ತನ್ನದೊಂದು ಫೋಟೋ ಬೇಕು, ಕೋಡಿಯಲ್ಲೇ ತೆಗೆಯಬೇಕು ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇಬ್ಬರನ್ನೂ ಕಡಲಿಗೆ ಬೆನ್ನು ಹಾಕಿ ನಿಲ್ಲಿಸಲು ಹೋದರೆ ಅವಳು ಕೇಳಲಿಲ್ಲ.

"ನೀವ್ ನಮ್ಮನ್ನ್ ಕಾಣಿ. ಕಡ್ಲನ್ನ್ ನಾನ್ ಕಾಂತೆ."

ಹಾಗಾಗಿ ನಾನು ಅಲೆಗಳಿಗೆ ಬೆನ್ನು ಮಾಡಿ ನಿಂತೆ. ಸಂಜೆಬಿಸಿಲು ಅವರಿಬ್ಬರ ಮುಖದ ಮೇಲೆ ಚೆನ್ನಾಗಿ ಬಿದ್ದಿತ್ತು. ಮಗಳು ಕ್ಯಾಮೆರಾ ನೋಡಿದಳು. ತಾಯಿ ನನ್ನ ಭುಜದ ಮೇಲಿಂದ ಹಿಂದೆ ಎಲ್ಲೋ ನೋಡಿದಳು. ನೋಡುತ್ತ ನೋಡುತ್ತ ಮುಖ ಸಡಿಲವಾಯಿತು, ಪರಿಚಯದವರು ಬಂದಾಗ ಆಗುವಂತೆ. ನಾನು ಬಟನ್ ಒತ್ತಿದೆ. ತಿರುಗಿ ನೋಡಲು ಧೈರ್ಯ ಬಂದದ್ದು ಅವರಿಬ್ಬರೂ ತೆಂಗಿನ ಸಾಲಿನವರೆಗೆ ನಡೆದುಹೋದ ಮೇಲೆ.

ನೀರು ಖಾಲಿ ಇತ್ತು. ಆದರೂ ನಾನು ಏಳು ನಿಮಿಷ ಅಲ್ಲೇ ನಿಂತು, ಕ್ಯಾಮೆರಾ ಇಲ್ಲದೆ, ಬರಿಗಣ್ಣಿನಲ್ಲಿ ನೋಡಿದೆ.