ದೂರದವರ ನಾನಕಟಾಯಿ

ನಿನ್ನೆ ಒವನ್ನಿನ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಬಿಸಿಯಲ್ಲಿ ತುಪ್ಪವಿತ್ತು, ಯಾಲಕ್ಕಿ ಇತ್ತು, ತಳ ತುಸು ಹೆಚ್ಚೇ ಕೆಂಪಾದ ವಾಸನೆಯೂ ಇತ್ತು. ಮೊಮ್ಮಗಳಿಗೆ ಕ್ರಿಸ್‌ಮಸ್ ರಜೆ. ಮೊಬೈಲಿನಲ್ಲಿ ನೋಡಿ ನಕ್ಷತ್ರದ ಬಿಸ್ಕೀಟೇ ಬೇಕೆಂದು ಹಟ ಹಿಡಿದಿದ್ದಳು. ನಕ್ಷತ್ರದ ಅಚ್ಚು ಬೈಲಹೊಂಗಲದ ಪೇಟೆಯಲ್ಲಿ ಸಿಗಲಿಲ್ಲ. ದುಂಡಗೆ ತಟ್ಟಿ ಒಳಗಿಟ್ಟಿದ್ದೆ. ಟ್ರೇ ಹೊರಗೆ ತೆಗೆದು ನೋಡಿದರೆ… ಒಂದೊಂದರ ನಡುವೆಯೂ ಚುಕ್ಕಿಚುಕ್ಕಿಯ ಸಣ್ಣ ಗುಂಡಿ. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ ಇರುತ್ತದಲ್ಲ, ಅದರ ಗುರುತು. ನನ್ನ ಹೊಲಿಗೆಪೆಟ್ಟಿಗೆಯ ಟೋಪಿ ಪಕ್ಕದಲ್ಲೇ ಬಿದ್ದಿತ್ತು, ಮೈತುಂಬ ಹಿಟ್ಟು ಮೆತ್ತಿಕೊಂಡು. ಒತ್ತಿದವಳು ನಾನೇ. ಯಾವಾಗ ಒತ್ತಿದೆನೋ ನೆನಪಿಲ್ಲ.

ನಾನು ಸಣ್ಣವಳಿದ್ದಾಗ ನಾವು ಚಚಡಿ ಎಂಬ ಹಳ್ಳಿಯಲ್ಲಿದ್ದೆವು. ಅಪ್ಪನಿಗೆ ಅಲ್ಲಿಗೆ ವರ್ಗವಾಗಿತ್ತು. ನಾನು ದಿನಾ ಬಸ್ಸಿನಲ್ಲಿ ಬೈಲಹೊಂಗಲದ ಕಾನ್ವೆಂಟಿಗೆ ಹೋಗಿ ಬರುತ್ತಿದ್ದೆ. ನಮ್ಮ ಗೋಡೆಗೆ ಗೋಡೆ ಹತ್ತಿದ್ದು ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ನೆರೆಯಾಕೆಯ ಮನೆ. ದೀಪಾವಳಿ ಹತ್ತಿರ ಬಂತೆಂದರೆ ಓಣಿಯವರೆಲ್ಲ ತಮ್ಮ ತಮ್ಮ ಮೈದಾ, ಸಕ್ಕರೆ, ತುಪ್ಪ ತಂದು ಕಾಕುವಿನ ಮುಂದೆ ಇಡುತ್ತಿದ್ದರು. ಕಾಕು ದೊಡ್ಡ ಬೋಗುಣಿಯಲ್ಲಿ ಹೊಳೆಯ ಉಸುಕು ಕಾಯಿಸಿ, ಅದರ ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ನಾನಕಟಾಯಿ ಬೇಯಿಸುತ್ತಿದ್ದರು. ಒಬ್ಬರ ತುಪ್ಪದ್ದು ಇನ್ನೊಬ್ಬರ ಡಬ್ಬಿಗೆ ಹೋದರೆ ವರ್ಷವಿಡೀ ಮಾತು. ಅದಕ್ಕೇ ಮನೆಗೊಂದು ಗುರುತು. ನಮ್ಮದಕ್ಕೆ ಕೀಲಿಕೈಯ ತುದಿ, ಎದುರುಮನೆಯದಕ್ಕೆ ಕಡ್ಡಿಯ ಅಡ್ಡಗೆರೆ.

ನಾನು ಕೈ ಹಚ್ಚಲು ಹೋದರೆ ಕಾಕು ನಗುತ್ತಿದ್ದರು. "ಏ ಕಾನ್ವೆಂಟ್, ಸರಿ ಆಕಡೆ. ಇಂಗ್ಲೀಷಿನ್ಯಾಗ ನಾದಿದ್ರ ಹಿಟ್ಟು ಅರಳತೈತೇನು?"

ಅವರ ಪಡಸಾಲೆಯ ಗೋಡೆಯ ಮೇಲೆ ಒಂದು ಹುಡುಗಿಯ ಫೋಟೋ ಇತ್ತು. ಕುತ್ತಿಗೆಯಿಂದ ಕೆಳಗೆ ಏನೂ ಕಾಣದಂತೆ ದಪ್ಪ ಹಾರ. ಒಬ್ಬಳೇ ಮಗಳಂತೆ, ಜಡ್ಡಾಗಿ ಹೋದಳಂತೆ. ನಾವು ಕೇಳಿದ್ದು ಅಷ್ಟೇ. ಕಾಕುವಿನ ಗಂಡ, ನಮಗೆಲ್ಲ ಕಾಕಾ, ಮಾತು ಕಡಿಮೆ. ದಿನಾ ಬೆಳಿಗ್ಗೆ ಆ ಫೋಟೋದ ಧೂಳು ತಾವೇ ಒರೆಸುತ್ತಿದ್ದರು.

ಆರನೆಯ ಇಯತ್ತೆಯಲ್ಲಿ ನಮಗೆ ಹೊಸ ಹೊಲಿಗೆ ಟೀಚರ್ ಬಂದರು. ಸಾಲಿಯ ಆವಾರದಲ್ಲೇ ಗಂಡನೊಂದಿಗೆ ಇರುತ್ತಿದ್ದರು. ಕೊರಳಲ್ಲಿ ಸಣ್ಣ ಶಿಲುಬೆ. ಅವರು ಕಲಿಸಿದ ಕಸೂತಿಯ ಕರವಸ್ತ್ರವನ್ನು ನಾನು ಹೆಮ್ಮೆಯಿಂದ ಕಾಕುಗೆ ತೋರಿಸಿದೆ. ಕಾಕು ಮುಂದಿನ ಮಗ್ಗಲು ನೋಡಲೇ ಇಲ್ಲ. ತಿರುವಿ ಹಿಂದಿನ ಎಳೆಗಳ ಮೇಲೆ ಬೆರಳು ಆಡಿಸಿದರು.

"ನಿಮ್ಮ ಟೀಚರ್ ಎಡಗೈಲೆ ಹೊಲೀತಾರೇನವಾ?"

"ಹೌದ್ರೀ! ನಿಮಗ ಹ್ಯಾಂಗ ಗೊತ್ತಾತು ಕಾಕು?"

"ಎಳಿ ಹೇಳತಾವು," ಎಂದು ಎದ್ದು ಒಳಗೆ ಹೋದರು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಅಂಥ ಚೊಕ್ಕ ಹೆಂಗಸು, ಒಲೆ ಆರಿಸಲೇ ಇಲ್ಲ.

ಆ ದೀಪಾವಳಿಯಲ್ಲಿ ಎಲ್ಲರ ತಾಟು ಮುಗಿದ ಮೇಲೆ ಕಾಕು ಇನ್ನೊಂದು ಸಣ್ಣ ತಾಟು ಮಾಡಿದರು. ಟ್ರಂಕಿನಿಂದ ಒಂದು ಹಿತ್ತಾಳೆ ಟೋಪಿ ತೆಗೆದು ತಂದು ಒಂದೊಂದಕ್ಕೂ ಒತ್ತಿದರು. ಎಳೆಯ ಹುಡುಗಿಯ ಬೆರಳಿನ ಅಳತೆಯದು. ಅದು ಕಾಕುವಿನ ಕಿರುಬೆರಳಿಗೂ ಹಿಡಿಯುತ್ತಿರಲಿಲ್ಲ.

"ಇವು ಯಾರವ್ರೀ?"

"ದೂರದವರವು. ಡಬ್ಬಿ ನಿಮ್ಮ ಹೊಲಿಗಿ ಟೀಚರಗೆ ಕೊಡು. ಕಾಕಾನ ಮುಂದ ಆಡಬ್ಯಾಡ, ತುಪ್ಪ ಹಾಳ ಮಾಡಿದಿ ಅಂತಾರ."

"ಟೀಚರ್ ದೂರದವರೇನ್ರೀ?"

"ಹೂಂನವಾ. ಭಾಳ ದೂರ."

ಟೀಚರ್ ಡಬ್ಬಿ ತೆರೆದರು, ಚುಕ್ಕಿಗಳನ್ನು ಕಂಡರು, ತಟ್ಟನೆ ಮುಚ್ಚಿದರು. ಯಾರು ಕೊಟ್ಟರೆಂದು ಕೇಳಿದರು. "ಬಾಜೂಮನಿ ಕಾಕು" ಎಂದೆ. ಬಹಳ ಹೊತ್ತು ನಮ್ಮ ಕಡೆಗೆ ಬೆನ್ನು ಮಾಡಿ ಬೋರ್ಡು ಒರೆಸಿದರು. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಖಾಲಿ ಡಬ್ಬಿ ವಾಪಸು ಕೊಡಬಾರದಲ್ಲ. ಕ್ರಿಸ್‌ಮಸ್ಸಿಗೆ ಡಬ್ಬಿ ತುಂಬಿ ಬಂತು. "ತತ್ತಿ ಹಾಕಿಲ್ಲಂತ ಹೇಳು, ಮರೀಬ್ಯಾಡ" ಎಂದು ಟೀಚರ್ ಎರಡೆರಡು ಸಲ ಹೇಳಿ ಕಳಿಸಿದ್ದರು. ಕಾಕು ಲಿಂಗಪೂಜೆಯಾಗದೆ ನೀರು ಮುಟ್ಟದವರು. ತತ್ತಿ ಇರುತ್ತದೆಂದು ಬೇಕರಿಯ ಬ್ರೆಡ್ಡನ್ನೂ ಒಳಗೆ ಬಿಡದವರು. ಅಂಥವರು ನಾನು ಬಾಯಿ ತೆರೆಯುವ ಮೊದಲೇ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟರು!

"ತತ್ತಿ ಹಾಕಿಲ್ಲಂತ್ರೀ ಕಾಕು…"

ಕಣ್ಣು ಮುಚ್ಚಿಯೇ ಅಗಿಯುತ್ತಿದ್ದರು. "ಹಾಕಿದ್ರೂ ತಿಂತಿದ್ದೆ," ಎಂದರು.

ನನಗೆ ಏನೂ ತಿಳಿಯಲಿಲ್ಲ. ಮರುವರ್ಷವೂ ಡಬ್ಬಿ ಹೋಯಿತು, ಬಂತು.

ಮೂರನೆಯ ವರ್ಷ ಡಬ್ಬಿ ಹೋಗಿತ್ತು, ಇನ್ನೂ ಬಂದಿರಲಿಲ್ಲ. ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ಒಂದು ಮುಂಜಾನೆ ಕಾಕು ಏಳಲೇ ಇಲ್ಲ. ನನಗೆ ಪರೀಕ್ಷೆ ಇತ್ತು. ಅಳುತ್ತಲೇ ಸಾಲಿಗೆ ಹೋಗಿ ಟೀಚರಿಗೆ ಹೇಳಿದೆ. ಅವರ ಕೈಯಲ್ಲಿದ್ದ ಸೂಜಿ ಬೆರಳಿನೊಳಗೆ ಹೋಗಿ ನಿಂತಿತು. ಅವರು ಅದನ್ನು ನೋಡಲಿಲ್ಲ.

"ಮಣ್ಣು ಎಷ್ಟೊತ್ತಿಗಂತ?"

ಮಧ್ಯಾಹ್ನದ ಬಸ್ಸಿಗೆ ನನ್ನ ಜೊತೆಗೇ ಬಂದರು. ತೊಡೆಯ ಮೇಲೆ ಡಬ್ಬಿ. ಊರು ಕಂಡಾಗ ಶಿಲುಬೆಯನ್ನು ಕುಪ್ಪಸದೊಳಗೆ ಇಳಿಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡರು.

ಪಡಸಾಲೆಯ ಗೋಡೆಗೆ ಕಾಕುವನ್ನು ಕೂಡಿಸಿದ್ದರು. ಹಣೆತುಂಬ ವಿಭೂತಿ. ಹಿಂದಿನ ಗೋಡೆ ಖಾಲಿ ಮಾಡುವಾಗ ಫೋಟೋ ಇಳಿಸಿ ಕಾಕಾನ ಮಗ್ಗಲಿಗೆ ಇಟ್ಟಿದ್ದರು. ಹಾರ ಕಳಚಿತ್ತು. ಮೊದಲ ಸಲ ಆ ಹುಡುಗಿಯ ಕೈಗಳು ಕಂಡವು. ಕಸೂತಿಯ ಚೌಕಟ್ಟು ಬಲಗೈಯಲ್ಲಿ, ಸೂಜಿ ಎಡಗೈಯಲ್ಲಿ.

ಟೀಚರ್ ಬಿಲ್ವಪತ್ರಿ ಏರಿಸಲು ಎಡಗೈ ಚಾಚಿದರು. ಚಟ್ಟನೆ ಹಿಂದೆಳೆದು ಬಲಗೈ ಮುಂದೆ ಮಾಡಿದರು. ನಾನು ಆ ಕೈ ನೋಡಿದೆ, ಫೋಟೋ ನೋಡಿದೆ. ಹಾರ ಹಾಕಿಸಿಕೊಂಡ ಹುಡುಗಿ ನನ್ನ ಮುಂದೆ ಉಸಿರಾಡುತ್ತ ನಿಂತಿದ್ದಳು…

ಕಾಕಾ ತಲೆ ಎತ್ತಿದರು. ಮಂದಿಯೆಲ್ಲ ನೋಡುತ್ತಿದ್ದರು.

"ಯಾರವಾ ನೀ?"

ಟೀಚರ್ ಬಾಯಿ ತೆರೆದರು. "ನಾ… ಈ ಹುಡುಗೀ ಸಾಲಿಯಾಕಿರೀ. ಹೊಲಿಗಿ ಕಲಸತೇನಿ."

ಕಾಕಾ ತಲೆಯಾಡಿಸಿದರು. ಆಮೇಲೆ ಮಗ್ಗಲಿನ ಫೋಟೋವನ್ನು ಮೆಲ್ಲಗೆ ಎತ್ತಿ, ಮುಖ ಕೆಳಗೆ ಮಾಡಿ, ತಮ್ಮ ತೊಡೆಯ ಮೇಲೆ ಬೋರಲಾಗಿ ಇಟ್ಟುಕೊಂಡು ಎರಡೂ ಕೈಯಿಂದ ಅವಚಿ ಹಿಡಿದರು. ಗುರುತು ಮುಚ್ಚಲಿಕ್ಕೋ, ಬದುಕಿದ್ದವಳ ಫೋಟೋ ಸತ್ತವರ ಸಾಲಿನಲ್ಲಿ ಬೇಡವೆಂದೋ… ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಫೋಟೋದ ಹುಡುಗಿ ಖರೇನೇ ಸತ್ತಿದ್ದಳೇ ಎಂದು ಸಂಜೆ ಅವ್ವನನ್ನು ಕೇಳಿದೆ. ಎದುರುಮನೆಯ ಮುದುಕಿಯ ಹತ್ತಿರ ಹೋಗಿ ಬಂದು, ಕದ ಹಾಕಿ, ಪಿಸುಗುಟ್ಟಿದಳು: "ಮನಸ್ಸಿಗೆ ಬಂದವನ ಜೋಡಿ ಹೋದಳಂತ. ನಮ್ಮ ಪಾಲಿಗೆ ಸತ್ತಳು ಅಂತ ಅಪ್ಪನಽ ಹಾರ ಹಾಕಿದನಂತ. ನೀ ಎಲ್ಲೂ ಆಡಬ್ಯಾಡ."

ಕಾಕುವನ್ನು ಮಣ್ಣು ಮಾಡಿದ ಮೇಲೆ ಬಸ್ಸು ಹತ್ತುವಾಗ ಟೀಚರ್ ಡಬ್ಬಿಯನ್ನು ನನ್ನ ಕೈಗಿಟ್ಟಿದ್ದರು. ತುಂಬಿತ್ತು. "ಇನ್ನ ಯಾರಿಗೆ ಕೊಡಲಿ? ನೀ ಇಟಕೋ," ಎಂದಿದ್ದರು. ಆ ಬೇಸಿಗೆಗೇ ಸಾಲಿ ಬಿಟ್ಟು ಎಲ್ಲಿಗೋ ಹೋದರು. ಕಾಕಾನೂ ಹೋಗಿ ವರ್ಷಗಳಾದವು.

ಡಬ್ಬಿ ಇವತ್ತಿಗೂ ನನ್ನ ಅಡಿಗೆಮನೆಯಲ್ಲಿದೆ. ಮುಚ್ಚಳದ ಅಂಚಿಗೆ ಜಂಗು ಹಿಡಿದಿದೆ. ನಿನ್ನೆ ಮೊಮ್ಮಗಳು ಒಂದನ್ನು ಕೈಯಲ್ಲಿ ಹಿಡಿದು, "ಇದೇನ ಅಜ್ಜಿ, ಚುಕ್ಕಿ? ಇವು ಯಾರವು?" ಎಂದು ಕೇಳಿದಳು.

"ದೂರದವರವು," ಎಂದೆ.

ಉಳಿದವನ್ನು ಆ ಡಬ್ಬಿಗೇ ತುಂಬಿದ್ದೇನೆ. ಖಾಲಿ ವಾಪಸು ಕೊಡಬಾರದು, ನಿಜ. ತುಂಬಿದ್ದನ್ನು ಒಯ್ದು ಕೊಡಲಿಕ್ಕೆ ಈಗ ಯಾವ ಬಾಗಿಲೂ ಇಲ್ಲ…