ದಿಲ್ಲಿಯ ಮತ, ಕೆಳಗೇರಿಯ ಬಾವಿ

ಓದುಗ ಮಿತ್ರರೇ, ನಿಮ್ಮ ಮತ ಬೇಕೆಂದವರು ನಿಮ್ಮ ಹೊಸ್ತಿಲಿಗೆ ಬಂದರೋ, ಇಲ್ಲವೆ ನಿಮ್ಮನ್ನೇ ತಮ್ಮ ಹೊಸ್ತಿಲಿಗೆ ಕರೆಸಿಕೊಂಡರೋ?

ನಿನ್ನೆ ರೋಣದ ಪೇಟೆಯಲ್ಲಿ, ಚಿತ್ರಗಳಿಗೆ ಕಟ್ಟು ಹಾಕುವವನ ಅಂಗಡಿಯಲ್ಲಿ ನಮ್ಮ ಮೊದಲ ರಾಷ್ಟ್ರಪತಿಗಳ ಹಳೆಯ ಚಿತ್ರವೊಂದನ್ನು ಕಂಡೆ. ನಮ್ಮ ಕಡೆಯ ಯಾವ ರೈತನ ಮುಖಕ್ಕಾದರೂ ಒಪ್ಪುವ ಆ ಮೀಸೆಯನ್ನು ನೋಡುತ್ತ ನಿಂತುಬಿಟ್ಟೆ.

ಅವರು ಎರಡನೆಯ ಸಲ ಆಯ್ಕೆಯಾದ ವರ್ಷ, ನಾನು ಧಾರವಾಡದಲ್ಲಿ ಕಾಲೇಜು ಮುಗಿಸಿ, ಚರ್ಚಾಕೂಟದಲ್ಲಿ ಗೆದ್ದ ಬೆಳ್ಳಿ ಬಟ್ಟಲಿನ ಸೊಕ್ಕನ್ನೂ ಹೊತ್ತು, ಗಜೇಂದ್ರಗಡದ ಸುತ್ತಿನ ಹಳ್ಳಿಗಳಲ್ಲಿ ಭಾಷಣ ಮಾಡುತ್ತ ತಿರುಗುತ್ತಿದ್ದೆ. ಒಂದೂರಿನಲ್ಲಿ ಪಂಚಾಯತಿ ಚುನಾವಣೆ ಸಮೀಪಿಸಿತ್ತು. ಗೌಡರ ಮಗ ಶಿವನಗೌಡ ಉಮೇದುವಾರ. ಗೌಡರ ಮನೆತನದವರು ಯಾರ ಬಾಗಿಲಿಗೂ ಹೋಗುವ ರೂಢಿಯಿರಲಿಲ್ಲ. ಬೇಕಾದವರಿಗೆ ಊರಿನ ಆಳು ವಾಲೀಕಾರನ ಕೈಯಲ್ಲಿ ಹೇಳಿಕಳಿಸಿ ತಮ್ಮ ದೊಡ್ಡ ಮನೆಗೆ, ವಾಡೆಗೆ, ಕರೆಸುತ್ತಿದ್ದರು. ಮತವನ್ನೂ ಶಿವನಗೌಡ ಹಾಗೆಯೇ ಕರೆಸಿದ. ಕೆಳಗೇರಿಯವರ ಹೊರತು ಎಲ್ಲರೂ ಬಂದರು.

ಕೆಳಗೇರಿಗೆ ಬಾವಿಯಿರಲಿಲ್ಲ. ಅಲ್ಲಿಯ ಹೆಣ್ಣುಮಕ್ಕಳು ಮೇಲುಗೇರಿಯ ಬಾವಿಯಿಂದ ದೂರದಲ್ಲಿ ಕೊಡವಿಟ್ಟು, ಯಾರಾದರೂ ನೀರು ಸುರುವಿಯಾರೆಂದು ಕಾಯಬೇಕಾಗಿತ್ತು. ಕರೆಯಲು ಹೋದ ವಾಲೀಕಾರನಿಗೆ ಆ ಕೇರಿಯ ಯಲ್ಲವ್ವ, "ದಿನಾ ನಮ್ಮ ಕೊಡ ಕಾಯತಾವ. ಇವತ್ತೊಂದಿನ ಗೌಡ್ರೂ ಕಾಯಲಿ, ಹೇಳಪಾ" ಎಂದಿದ್ದಳು.

ಶಿವನಗೌಡ ಕುದಿಯುತ್ತಿದ್ದ. ಆ ಸಂಜೆಯೇ ವಾಡೆಯಲ್ಲಿ ನನ್ನ ಭಾಷಣ. ರಾಷ್ಟ್ರಪತಿಗಳು ಹಳ್ಳಿಯಲ್ಲಿ ಹುಟ್ಟಿದ್ದು, ನಡೆಯುತ್ತಿದ್ದ ವಕೀಲಿಯನ್ನು ಬಿಟ್ಟಿದ್ದು, ಸೆರೆಮನೆ ಕಂಡಿದ್ದು, ಸಂವಿಧಾನ ರಚಿಸಿದ ಸಭೆಯ ಅಧ್ಯಕ್ಷತೆ ವಹಿಸಿದ್ದು, ಆ ವರ್ಷ ಮತದಿಂದ ಮತ್ತೆ ಆಯ್ಕೆಯಾದದ್ದು, ಎಲ್ಲವನ್ನೂ ಪೂರ್ವಪಕ್ಷ ಉತ್ತರಪಕ್ಷಗಳ ಸಮೇತ ಮಂಡಿಸಿದೆ. ಮುದಿಗೌಡರು ಕಣ್ಣು ಮುಚ್ಚಿದ್ದರು. ನಿದ್ದೆಯೆಂದುಕೊಂಡೆ. ಭಾಷಣ ಮುಗಿದದ್ದೇ ಕಣ್ಣು ತೆರೆದು ಕೇಳಿದರು:

"ತಮ್ಮಾ, ಅವರು ಮೊದಲ ಅಲ್ಲೇ ಕುಂತಿದ್ರಲ್ಲ, ಮತ್ಯಾಕ ಮತ ಹಾಕಿದ್ರು?"

"ಅವಧಿ ಮುಗೀತ್ರಿ ಗೌಡ್ರ. ಮತ್ತ ನಿಂತ್ರು."

"ಅಷ್ಟು ದೊಡ್ಡವರೂ?"

"ಹೌದ್ರಿ."

ಗೌಡರು ಮಗನತ್ತ ತಿರುಗಿದರು. "ದಿಲ್ಲ್ಯಾಗ ಅವರು ನಿಂತಾರ. ನೀ ಇಲ್ಲಿ ಲೋಡಿಗೆ ಒರಗಿ ಕುಂತೀಯಲ್ಲೋ. ನಾಳೆ ರುಮಾಲು ಸುತ್ತಿಕೊಂಡು ಕೆಳಗೇರಿಗೆ ನಡಿ."

ಮರುದಿನ ಆತ ಹೋದ. ಹಿಂದೆ ನಾನಿದ್ದೆ.

"ಬರ್ರಿ ಗೌಡ್ರ," ಎಂದಳು ಯಲ್ಲವ್ವ. "ನಮ್ಮ ಓಣಿ ಹಾದಿ ಹ್ಯಾಂಗ ಸಿಕ್ಕಿತ್ರಿ?"

"ಕೇಳಕೋತ ಬಂದೆ, ಯಲ್ಲವ್ವಾ. ಮತಾನೂ ಕೇಳಾಕ ಬಂದೀನಿ."

"ಚಲೋ ಆತು. ಈಗ ನಾವು ಕೇಳತೀವಿ. ಬಾವಿ ಯಾವಾಗ ತೋಡಸ್ತೀರಿ?"

ಆತ ರುಮಾಲು ಸರಿಪಡಿಸಿಕೊಂಡು ನನ್ನತ್ತ ನೋಡಿದ.

"ಬ್ಯಾಸಿಗಿ ಒಳಗ," ಎಂದ ಕಡೆಗೆ.

"ಹಂಗಾರ ಜಾಗಾ ತೋರಸ್ತೀನಿ, ಬರ್ರಿ," ಎಂದು ಆಕೆ ಮುಂದೆ ನಡೆದಳು. ಗೌಡರ ಮಗ ಆಕೆಯ ಹಿಂದೆ ನಡೆದ.

ಆತ ಗೆದ್ದ. ಬೇಸಿಗೆಗೆ ಮುನ್ನ ಬಾವಿಯೂ ಆಯಿತು. ಆ ನೀರನ್ನು ಯಲ್ಲವ್ವ ಮೊದಲು ಸೇದಿದಾಗ ನಾನು ದಂಡೆಯ ಮೇಲೆ ನಿಂತಿದ್ದೆ. ಈ ದೇಶದವನೆಂಬ ಹೆಮ್ಮೆ ಅಂದಿನಷ್ಟು ನನಗೆ ಯಾವ ವೇದಿಕೆಯ ಮೇಲೂ ಆಗಿಲ್ಲ. ರಾಷ್ಟ್ರಪತಿಗಳ ಬದುಕನ್ನು ನಾನು ಕಲಿತು ಒಪ್ಪಿಸಿದ್ದೆ. ಅದರ ಅರ್ಥ ನನಗೆ ತಿಳಿದದ್ದು ಆ ದಂಡೆಯ ಮೇಲೆ. ನಿನ್ನೆ ಅಂಗಡಿಯೆದುರು ಇಷ್ಟನ್ನೂ ನೆನೆದಾಗ, ಇದನ್ನು ನನ್ನೊಳಗೇ ಇಟ್ಟುಕೊಳ್ಳಬಾರದೆನಿಸಿತು.

ಆದ್ದರಿಂದ ಒಂದು ವಿನಂತಿ: ಮುಂದಿನ ಸಲ ಮತ ಕೇಳಲು ಬಂದವರನ್ನು ಬಾಗಿಲಿನಿಂದಲೇ ಕಳಿಸಬೇಡಿರಿ. ನಿಮ್ಮ ಓಣಿಗೆ ಬೇಕಾದುದು ಎಲ್ಲಿ ಆಗಬೇಕೋ, ಆ ಜಾಗದ ತನಕ ಅವರನ್ನು ನಡೆಸಿಕೊಂಡು ಹೋಗಿರಿ.